ಕಾಡಲ್ಲಿ ಗಾಡಿ ನಿಲ್ಸಂಗಿಲ್ಲ

ನೀರು ಬ್ಯಾಡ ಕಣಕ್ಕ. ಬಸ್‌ಸ್ಟಾಪ್ ತಾವ ಬೋರ್‌ವೆಲ್ಲಲ್ಲಿ ಕುಡ್ಕಂಡೇ ಬಂದೆ. ಮದ್ಲು ನನ್ನ ಮಾತಿಗೆ ಜವಾಬು ಕೊಡು. ನಿನ್ನ ಮಗ್ಳು ಇಲ್ಗೆ ಬಂದಿದ್ಲಾ ಇಲ್ವಾ?... ತಲೆ ತಗ್ಗುಸ್ಕಂಡು ಈರುಳ್ಳಿ ಕುಯ್ತೀಯಾ. ಸರಿ, ಕುಯ್ಯಿ. ಬೀದಿ ಬಾಗ್ಲಲ್ಲಿ ಜೀಪಿನ ಚಕ್ರದ ಗುರ್ತು ಎದ್ದು ಕಾಣ್ತಾ ಅದೆ. ನಾನೇನು ಕುರುಡನಾ? ಈ ಭೀಮನಬೀಡಲ್ಲಿ ಯಾರ ಮನೇಲದೆ ಜೀಪು, ಯೋಳು! ಬಂದವ್ಳೆ, ನಿನ್ ಕೂಡೆ ಮಾತಾಡವ್ಳೆ, ಎಲ್ಲಾನೂ ಒಪ್ಸವ್ಳೆ. ನಾನು ಬರೋ ಒತ್ಗೆ ಒಂಟೋಗವ್ಳೆ.

ಕೆಲ್ಸ ಬುಡ್ಬ್ಯಾಡ, ಕುಯ್ತಾ ಕುಯ್ತಾನೇ ಕೇಳು. ಕೇರಳದೋರ ಲಾರಿ ಇವತ್ತೇ ಬತ್ತದಾ ಈರುಳ್ಳಿಗೆ? ಅಬ್ಬಾ, ರಾಶಿನೇ ಅದಲ್ಲ. ಕೊಡು ಇನ್ನೊಂದು ಕುಡ್ಲು, ನಾನೂ ಒಂದಷ್ಟು ದಂಟು ಕುಯ್ಕೊಡ್ತೀನಿ... ಬ್ಯಾಡ್ವಾ? ಬ್ಯಾಡ ಅಂದ್ರೆ ಬ್ಯಾಡ.

ಅಲ್ಲ, ಯಾವ ಸೀಮೇಲಾದ್ರೂ ಕೇಳಿದ್ದೀಯೇನಕ್ಕ ಇಂಥದ್ದ? ಇಬ್ರು ಎಂಗಸ್ರು, ತಾಳಿ ಕಟ್ಟಿದ ಗಂಡಂದಿರನ್ನ, ನಡು ಕಾಡಲ್ಲಿ, ಆನೆ ಅಡ್ಡಾಡೋ ರೋಡಲ್ಲಿ ಇಳ್ಸ್‌ಬುಟ್ಟು, ಗಾಡಿ ಓಡುಸ್ಕಂಡು ಒಂಟೋಗದು ಅಂದ್ರೇನು!... ನಗ್ತಿದ್ದೀಯಾ? ನಗ್ತಾ ಇದ್ದೀಯಲ್ಲಕ್ಕ! ತುಟಿ ಕಚ್ಕಂಡ್ರೆ ನಂಗೆ ಗೊತ್ತಾಗಲ್ವಾ? ಉಟ್ಟಿದಾಗಿಂದ ನೋಡ್ತೀವ್ನಿ ಈ ಮಕನ. ಅವ್ವ ಸತ್ತಾಗ ನಂಗೆ ಇನ್ನೂ ನಡ್ಯಕ್ಕೇ ಬತ್ತಿರ್ನಿಲ್ಲ. ನಿನ್ನ ಸೊಂಟದ ಮ್ಯಾಲೆ ಬೆಳ್ದೋನು ನಾನು. ಕುದೇರಿಂದ ಈ ಊರಿಗೆ ಮದ್ವೆ ಆಗಿ ಬರೋವಾಗ ಮದುಮಗ್ಳ ಕಂಕುಳಲ್ಲಿ ಮಗ ಅದಲ್ಲ ಅಂತ ಜನ ಆಡ್ಕಂಡ್ರಂತೆ. ಆಡ್ಕಳ್ಳಿ, ನನ್ನ ತಮ್ಮ ಅಂದ್ಯಂತೆ. ಆಮ್ಯಾಕೆ ನಿನ್ನ ಮಗ್ಳು ಶಾಂತೀನೇ ನಂಗೆ ಧಾರೆ ಎರ್ದೆ. 'ಮಾದೇಶನ ಕೈಲಿದ್ರೆ ನನ್ನ ಕೈಲೇ ಇದ್ದಂಗೆ' ಅಂದೆ. ಅಂದಿದ್ದೆ ತಾನೇ? ಅದ್ಕೇ ಬಂದಿವ್ನಿ. ಅತ್ತೆ ಅಂತ ಬರ್ನಿಲ್ಲ ಕಣೆ, ಅಕ್ಕ ಅಂತ ಬಂದಿವ್ನಿ.

ಎಲ್ಲಾ ಆ ಗಾಡಿ ಕಲ್ಸಿದ್ರಿಂದ ಬಂದದ್ದು. ಯಾರು ಕಲ್ಸಿದ್ದು? ನಾನೇ! ನನ್ನ ಮೆಟ್ಟಲ್ಲಿ ನಾನೇ ಒಡ್ಕಬೇಕು. ಓದ ಬ್ಯಾಸ್ಗೇಲಿ ಇದೇ ನಿಮ್ಮೂರ್ ಕೆರೆ ಒಣ್ಗಿತ್ತಲ್ಲ, ಆ ಕೆರೆ ಒಳಗೆ. ನಾನು ಓಡ್ಸೋ ಸಾವ್ಕಾರ್ರ ಜೀಪು ತಂದಿದ್ದೆ, ನಿನ್ನ ನೋಡ್ಕಂಡೋಗನ ಅಂತ. 'ಮಾವ, ನಾನೂ ಒಂಚೂರು ಓಡುಸ್ಲಾ?' ಅಂದ್ಲು ಶಾಂತಿ. ತಮಾಸೆಗೆ ಕಣಕ್ಕ, ತಮಾಸೆಗೆ ಕೂರ್ಸಿದ್ದು! ಎಂಗಸು ಸ್ಟೇರಿಂಗ್ ಇಡ್ಕಂಡು ಒದ್ದಾಡದ ನೋಡಿ ನಾಕು ಜನ ನಗ್ಲಿ ಅಂತ. ಮದ್ಲು ಮದ್ಲು ಗಾಡಿ ಕಪ್ಪೆ ನೆಗ್ದಂಗೆ ನೆಗೀತಿತ್ತು. ಊರೋರೆಲ್ಲ ಏರಿ ಮ್ಯಾಲೆ ನಿಂತ್ಕಂಡು ಬಿದ್ದು ಬಿದ್ದು ನಗ್ತಿದ್ರು. ನಾನೂ ನಕ್ಕೆ. ಅವ್ಳು ಯಾರ ಕಡೀಕೂ ತಿರುಗಿ ನೋಡ್ನಿಲ್ಲ. ಕ್ಲಚ್ಚು, ಗೇರು... ಕ್ಲಚ್ಚು, ಗೇರು... ಬಾಯಲ್ಲಿ ಮಂತ್ರ ಯೋಳ್ದಂಗೆ ಯೋಳ್ಕತಾ. ಸಂದೆ ಒತ್ಗೆ ಕೆರೆ ಸುತ್ತ ಗುಂಡಗೆ ಓಡುಸ್ತಿದ್ಲು. ಏರಿ ಮ್ಯಾಲೆ ನಗೋರು ಒಬ್ರೂ ಇರ್ನಿಲ್ಲ... 

ಸಾವ್ಕಾರ್ರ ಕಂಡಿದ್ದೀಯಲ್ಲ ನೀನು, ಚಿಕ್ಕಮಲ್ಲಪ್ಪೋರು? ನಮ್ ಮದ್ವೇಗೆ ಬಂದಿದ್ರಲ್ಲ, ಬಿಳೀ ಪಂಚೆ, ಬೆಳ್ಳುಳ್ಳಿ ಬಣ್ಣ. ಚಾಮರಾಜನಗರದಲ್ಲಿ ಕರಿಕಲ್ಲು ಕ್ವಾರಿ ಅಂದ್ರೆ ಮದ್ಲು ಅವ್ರ ಎಸ್ರು. ಲಾರಿಗೆ ಕಲ್ಲು ಒತ್ಕಂಡು ಸಾಯ್ತಿದ್ದ ನನ್ನ ಕರ್ದು ಜೀಪಿನ ಸ್ಟೇರಿಂಗ್ ಕೈಗೆ ಕೊಟ್ಟೋರು. 'ನಮ್ಮ ಮಾದೇಶ' ಅಂತಾರೆ ಎಲ್ರ ಮುಂದೆನೂ. ನಾನು 'ಬುದ್ದಿ' ಅಂದ್ರೆ ಸಾಕು... ಏನು? ಏನೋ ಅಂದಂಗಾಯ್ತು... ಇಲ್ವಾ. ಕೆಮ್ಮುದ್ಯಾ.

ಅವತ್ತು ಏನಾಯ್ತು ಅಂತ ಅವ್ಳು ಅವ್ಳಿಗ್ ತಿಳ್ದಂಗೆ ಯೋಳಿರ್ತಾಳೆ. ಈಗ ನಾನ್ ಯೋಳ್ತೀನಿ, ನಡ್ದಿದ್ದು ನಡ್ದಂಗೆ. ಶಿವಮ್ಮಾವ್ರ್ದು ಗೋಪಾಲಸ್ವಾಮಿ ಬೆಟ್ಟಕ್ಕೆ ಒಂದು ಅರಕೆ ಇತ್ತು. ಶಿವಮ್ಮಾವ್ರು ಅಂದ್ರೆ ಸಾವ್ಕಾರ್ರ ಎಂಡ್ರು. ಅಮ್ಮಾವ್ರು ಅಂತೀವಿ ನಾವೆಲ್ಲ. ಯಾವತ್ತೂ ಒಂದು ದೊಡ್ಡ ಮಾತು ಆಡ್ದೋರಲ್ಲ. ಆ ಮನೇಲಿ ಅವ್ರು ಅವ್ರೆ ಅನ್ನದೇ ಗೊತ್ತಾಗದಿಲ್ಲ, ಗೋಡೆ ಗಡಿಯಾರ ಇದ್ದಂಗೆ. 'ಶಾಂತೀನೂ ಕರ್ಕ ಬಾ ಮಾದೇಶ, ನಂಗೆ ಜತೆ ಆಯ್ತದೆ' ಅಂದೋರು ಅವ್ರೇ. ನಾನಲ್ಲ! ಇದ್ನ ತಿಳ್ಕೊ. ನಾನು ಕರ್ಕಂಡ್ ಓಗಿದ್ದಲ್ಲ.

ಬೆಟ್ಟದ ಮ್ಯಾಲೆ ಗಾಳಿ ಅಂದ್ರೆ ಗಾಳಿ, ಮಂಜು ಬೇರೆ. ಪಕ್ಕದಲ್ಲಿ ನಿಂತೋರೇ ಕಾಣ್ತಿರ್ನಿಲ್ಲ. ಪೂಜೆ ಆಯ್ತು. ಪುಳಿಯೋಗರೆ ತಿಂದೋ. ಅಮ್ಮಾವ್ರೂ ಶಾಂತಿನೂ ಒಂದೇ ಎಲೇಲಿ ತಿಂದ್ರು ಕಣಕ್ಕ, ಬೇಕಾದ್ರೆ ನಂಬು. ಇಳ್ದು ಹಂಗಳಕ್ಕೆ ಬಂದಾಗ ಸಾವ್ಕಾರ್ರು, 'ಇಲ್ಲೀಗಂಟ ಬಂದು ಊಟಿ ನೋಡ್ದೆ ಓಗದಾ? ತಿರುಗ್ಸ್ಲಾ ಗಾಡಿಯ' ಅಂದ್ರು. ಒಂಚೂರು ತಕ್ಕಂಡಿದ್ರು. ಬೆಟ್ಟ ಇಳಿಯೋ ಗಂಟ ಮುಟ್ನಿಲ್ಲ, ದೇವ್ರು ಅಂದ್ರೆ ಭಕ್ತಿ ಅವ್ರಿಗೆ. ಅಮ್ಮಾವ್ರಿಗೆ ಇಂದ್ಗಡೆ ಕೂತ್ರೆ ವಾಂತಿ, ಅದ್ಕೆ ಮುಂದೆ ನನ್ನ ಪಕ್ಕ ಕೂತ್ರು. ಸಾವ್ಕಾರ್ರು ಇಂದ್ಗಡೆ ಕೂತ್ರು. ಶಾಂತಿನೂ ಇಂದ್ಗಡೆ. ಇನ್ನೆಲ್ಲಿ ಕೂರ್ಸ್ಲಿ ಅವ್ಳ? ಬಾನೆಟ್ ಮ್ಯಾಲಾ?

ಬಂಡೀಪುರದ ಗೇಟು ದಾಟ್ದೋ. ಎಲ್ಲಾ ಚೆನ್ನಾಗೇ ಇತ್ತು. ನಾನು ರೋಡ್ ನೋಡ್ತಿದ್ದೆ. ಅಮ್ಮಾವ್ರು ಕಣ್ ಮುಚ್ಚಿದ್ರು, ನಿದ್ದೆ ಬಂದದೆ ಅಂದ್ಕಂಡೆ. ಇದ್ದಕ್ಕಿದ್ದಂಗೆ ಕೈ ಆಕಿ, ಓಡ್ತಿರೋ ಗಾಡೀಲಿ, ಕೀ ತಿರುಗುಸಿ ಕಿತ್ಕಬುಟ್ರು! ಗಾಡಿ ಉಸ್ಸಂತ ಓಗಿ ಮಣ್ಣಿಗಿಳ್ದು ನಿಂತ್ಕತು. ಅಮ್ಮಾವ್ರು ಇಳುದ್ರು. ಇಂದ್ಕೆ ಬಂದ್ರು. 'ಇಳೀರಿ' ಅಂದ್ರು ಗಂಡನ್ಗೆ. ಅಷ್ಟೇ. ಕೂಗ್ನಿಲ್ಲ, ಕಿರುಚ್ನಿಲ್ಲ. ಸಾವ್ಕಾರ್ರು ಮದ್ಲು ನಕ್ರು. ಅಮ್ಮಾವ್ರು ಅಂಗೇ ನಿಂತಿದ್ರು. ಆಮ್ಯಾಕೆ ಬಯ್ಕಂಡು ಇಳುದ್ರು, 'ಲೇ ಮಾದೇಶ, ಇಳ್ಯಲಾ, ಅವ್ಳ ಕೈಯಿಂದ ಕೀ ಕಿತ್ಕಳಲಾ' ಅಂತ. ನಾನು ಇಳ್ದೆ. ಇಳಿದೆ ಇರಕ್ಕಾಯ್ತದಾ? ಆದ್ರೆ ಅಮ್ಮಾವ್ರ ಕೈನ ನಾನೆಂಗೆ ಮುಟ್ಲಿ? ನಾನು ಅತ್ಲಾಗೋ ಇತ್ಲಾಗೋ ಅಂತ ನೋಡ್ತಿದ್ದಂಗೇ ಅವ್ರು ಕೀನ ಶಾಂತಿ ಮಡ್ಲಿಗೆ ಆಕ್ಬುಟ್ಟು, 'ಓಡುಸ್ತೀಯೇನಮ್ಮಿ?' ಅಂದ್ರು.

ಅವ್ಳು ಒಂದ್ ಮಾತೂ ಆಡ್ನಿಲ್ಲ ಕಣಕ್ಕ. ಸೀಟು ದಾಟಿ ಮುಂದ್ಕೆ ಬಂದ್ಲು, ನನ್ನ ಸೀಟಲ್ಲಿ ಕೂತ್ಲು, ಸೀರೆ ಎತ್ಕಟ್ಕಂಡ್ಲು. ಅಮ್ಮಾವ್ರು ಪಕ್ಕದಲ್ಲಿ ಕೂತ್ರು. ನಾನು ಕಂಬಿ ಇಡ್ಕಂಡೆ. 'ಶಾಂತಿ, ಇಳಿಯಮ್ಮಿ, ಜನ ಏನಂದಾರು' ಅಂದೆ. ನನ್ನ ಮಕ ನೋಡ್ಕಂಡೇ ಗೇರ್ ಆಕುದ್ಲು. ಕಂಬಿ ನನ್ನ ಕೈಯಿಂದ ಜಾರ್ಕಂಡು ಓಯ್ತು... ಒಂಟೋದ್ರು. ದೂಳು ಎಗರ್ತು, ಅಷ್ಟೇ.

ಯಾಕೆ?... ನೀನು ಕೇಳ್ದೆ ಇದ್ರೂ ನಿನ್ನ ಕಣ್ಣು ಕೇಳ್ತದೆ. ಯಾಕೆ ಅಂದ್ರೆ ಎಂಗಸ್ರ ಬುದ್ದಿ! ಇನ್ನೇನು? ಅಮ್ಮಾವ್ರಿಗೆ ಗಂಡನ್ ಮ್ಯಾಲೆ ಯಾವ್ದೋ ಅಳೇ ಸಿಟ್ಟು, ಇವ್ಳಿಗೆ ಗಾಡಿ ಓಡ್ಸೋ ಚಟ. ಎರ್ಡೂ ಸೇರ್ಕತು.

ನಮ್ ಪಾಡು ಕೇಳು. ಒತ್ತು ಇಳೀತಾ ಅದೆ. ಬಿದ್ರು ಮೆಳೆ ಒಳಗೆ ಲಟ್ ಲಟ್ ಅಂತ ಮುರ್ಯೋ ಸದ್ದು. ರೋಡಲ್ಲಿ ಬಿಸಿ ಬಿಸಿ ಲದ್ದಿ. ಸಾವ್ಕಾರ್ರಿಗೆ ಎದ್ರಿಕೆ, ಎಜ್ಜೆಗೊಂದ್ ಸಲ ಎಡವ್ತಿದ್ರು. ನಂಗಲ್ಲ, ಅವ್ರಿಗೆ. ನಾನು ಕೈ ಇಡ್ಕಳಕ್ಕೆ ಓದ್ರೆ ಎಡಗಾಲ ಮೆಟ್ಟು ಬುಚ್ಚಿ ಬಾರ್ಸುದ್ರು ನಂಗೆ. ಮಕಕ್ಕೂ, ಬೆನ್ನಿಗೂ. 'ಎಂಡ್ತಿಗೆ ಗಾಡಿ ಕಲುಸ್ತಾನಂತೆ, ಗಂಡ್ಸಾ ನೀನು' ಅಂತ... ನೋಡು, ಇಲ್ಲಿ, ಕಿವಿ ತಾವ ಇನ್ನೂ ಊದ್ಕಂಡದೆ. ಒಡೀಲಿ ಬುಡು. ದೊಡ್ಡೋರು, ಅವಮಾನ ಆಗಿತ್ತು, ಯಾರ್ ಮ್ಯಾಲೆ ತೀರುಸ್ಕತಾರೆ? ಬಾಳೆಕಾಯಿ ಲಾರಿ ಬಂತು. ಸಾವ್ಕಾರ್ರು ಕ್ಯಾಬಿನ್ನಲ್ಲಿ ಕೂತ್ರು. ನಾನು ಇಂದೆ ಗೊನೆ ಮ್ಯಾಲೆ. ಗುಂಡ್ಲುಪೇಟೆ ಬರೋಗಂಟ ಅವ್ರು ಬಯ್ಯೋದು ಕೇಳುಸ್ತಾನೇ ಇತ್ತು...

ಯಾಕಕ್ಕ, ಮೆತ್ತಗೆ ಕುಯ್ಯಿ. ಕೈ ಕುಯ್ಕಂಡೀಯಾ. ಕಣ್ಣಲ್ಲಿ ನೀರು ಬತ್ತಾ ಅದಲ್ಲ. ಈರುಳ್ಳಿ ಗಾಟು, ಅಲ್ವಾ?

ಅವರಿಬ್ರೂ ವಾಪಸ್ ಮನೇಗೆ ಬಂದಿರ್ತಾರೆ, ಬುದ್ದಿ ಬಂದಿರ್ತದೆ ಅಂದ್ಕಂಡೆ. ಎಲ್ಬಂತು? ಊಟಿಗೇ ಓಗವ್ರೆ! ಅದೂ ಆ ಕಡಿದಾದ ಕಲ್ಲಟ್ಟಿ ಘಾಟಿ ಮ್ಯಾಲೆ! ನಮ್ ತೆರಕಣಾಂಬಿ ನಿಂಗಯ್ಯ ಇಲ್ವಾ, ಲಾರಿ ಓಡುಸ್ತಾನಲ್ಲ, ಅವ್ನು ಕಂಡನಂತೆ. ಊಟಿ ಮಾರ್ಕೆಟ್ ತಾವ ಜೀಪು ನಿಲ್ಸ್ಕಂಡು, ವರ್ಕಿ ಬಿಸ್ಕತ್ತು ಅದ್ಕಂಡು ಟೀ ಕುಡೀತಾ ಕೂತಿದ್ರಂತೆ. ಅಮ್ಮಾವ್ರು ತಲೆಗೆ ಟವಲ್ ಸುತ್ಕಂಡು ನಗ್ತಿದ್ರಂತೆ! ನಾನು ಇಷ್ಟು ವರ್ಷದಲ್ಲಿ ಅವ್ರ ಅಲ್ಲು ಕಂಡಿಲ್ಲ. ಆ ನಿಂಗಯ್ಯ ಜೀಪ್ ಸ್ಟ್ಯಾಂಡಲ್ಲಿ ಎಲ್ರ ಮುಂದೆ ಅಂತಾನೆ, 'ನಿನ್ ಎಂಡ್ತಿ ಕಲ್ಲಟ್ಟಿ ಅತ್ತವ್ಳೆ ಕಣ್ಲಾ ಮಾದೇಶ. ನೀನ್ ಯಾವತ್ತು ಅತ್ತಿಯೆ?' ಎಲ್ರೂ ಒಂದೇ ಸಲ ನಕ್ಬುಟ್ರು. ನಾನು ಆ ದಾರೀಲಿ ಓಗಲ್ಲ, ದಿಟ. ಗೂಡಲೂರ್ ಸುತ್ತಾಕಂಡು ಓಯ್ತೀನಿ. ಯಾಕೆ ಅಂದ್ರೆ ಇಂಜಿನ್ನಿಗೆ ಒಳ್ಳೇದಲ್ಲ. ಎದ್ರಿಕೆ ಅಲ್ಲ. ಎದ್ರಿಕೆ ಯಾಕೆ ನಂಗೆ? ಸುಮ್ಮೆ ಇಂಜಿನ್ನು ಕಾಯ್ತದೆ ಅಂತ...

ಈಗ ಎಲ್ಲವ್ರೆ ಅಂತ ನಿಂಗೇ ಗೊತ್ತು. ಸಂತೆಮರಹಳ್ಳೀಲಿ, ಅಮ್ಮಾವ್ರ ತವರಲ್ಲಿ. ಜೀಪು ಅವ್ರ ಎಸ್ರಲ್ಲೇ ಅದೆ, ಸಾವ್ಕಾರ್ರು ಏನೂ ಮಾಡಂಗಿಲ್ಲ. 'ಇನ್ ಮ್ಯಾಲೆ ನನ್ನ ಗಾಡೀಗೆ ಶಾಂತಿನೇ ಡ್ರೈವರು' ಅಂದವ್ರಂತೆ. ಕೇಳುದ್ಯಾ? ನನ್ನ ಎಂಡ್ತಿ ನನ್ನ ಕೆಲ್ಸ ಕಿತ್ಕಂಡವ್ಳೆ! ಸಂತೆ ದಿನ ಜನವೋ ಜನ, ಎಲ್ಲಾ ಬುಟ್ಟಿ ಚೀಲ ಕೆಳೀಕಿಟ್ಟು ನೋಡ್ತಾ ನಿಂತಿದ್ರಂತೆ, ಅವ್ಳು ಗಾಡಿ ಇಂದ್ಕೆ ತಕ್ಕಳದ...

ಈಗ ನಾನು ಬಂದ ಕೆಲ್ಸ ಕೇಳು. ಸಾವ್ಕಾರ್ರು ನೆನ್ನೆ ಕರುಸಿದ್ರು. ತಣ್ಣಗಾಗವ್ರೆ. 'ಆಗಿದ್ದು ಆಯ್ತು ಮಾದೇಶ, ಯಾರ್ ಮನೆ ಮಾನನೂ ಬೀದೀಗ್ ಬರಾದು ಬ್ಯಾಡ' ಅಂದ್ರು. ಶಾಂತಿ ಒಂದೇ ಒಂದು ಮಾತು ಆಡ್ಬೇಕಂತೆ. 'ಏನೂ ಆಗ್ನಿಲ್ಲ ಅಮ್ಮಾವ್ರೆ, ನಾನೇ ಸುಮ್ಮೆ ಬೆದರ್ಕಂಡೆ' ಅಂತ. ಅಷ್ಟೇ ಕಣಕ್ಕ! ಅಷ್ಟಂದ್ರೆ ಅಮ್ಮಾವ್ರು ಮನೇಗ್ ಬತ್ತಾರೆ, ಜೀಪು ಬತ್ತದೆ, ನಂಗೆ ಕೆಲ್ಸ ಉಳೀತದೆ. ನನ್ನ ಮಾತು ಅವ್ಳು ಕೇಳಲ್ಲ. ನಾನು ಓದ್ರೆ ಒಳೀಕೇ ಕರೀನಿಲ್ಲ, ಜಗಲಿ ತಾವ್ಲೇ ನಿಲ್ಸುದ್ರು. ನಿನ್ನ ಮಾತು ಕೇಳ್ತಾಳೆ. ನೀನು ಬಾ. ಈಗ್ಲೇ ಓಗನ, ಬಸ್ಸದೆ. ಅವ್ವ ಯೋಳುದ್ರೆ ಮಗ್ಳು ಇಲ್ಲ ಅಂತಾಳಾ?

ಏನು, ಬರಲ್ವಾ?... ಒಂದ್ ಮಾತಾಡಕ್ಕ. ಊಂ ಅನ್ನು, ಇಲ್ಲಾ ಆಗಲ್ಲ ಅನ್ನು. ಬಯ್ಯೋದಾದ್ರೆ ಬಯ್ಯಿ. ಚಿಕ್ಕೋನಿದ್ದಾಗ ಬೆನ್ನಿಗೆ ಗುದ್ತಿದ್ದಲ್ಲ, ಅಂಗೆ ಗುದ್ದು.

ಸಾವ್ಕಾರ್ರದು ತಪ್ಪಿಲ್ಲ ಅಂತ ನಾನೆಲ್ಲಿ ಅಂದೆ? ಕುಡ್ದಿದ್ರು. ಗಾಡಿ ಕುಲುಕ್ತದೆ, ಕೈ ಎಲ್ಲೋ ಒಂದು ಕಡೆ ತಗುಲ್ತದೆ. ತಗುಲಿದ ಕೈ ಆಮ್ಯಾಕೆ ತೆಗೀನೇ ಇಲ್ಲ ಅಂತಾಳೆ ಅವ್ಳು. ಇರ್ಬೋದು. ಮಂಡಿ ಮ್ಯಾಲೆ ಇಟ್ರಂತೆ, ಸೆರಗು ಎಳುದ್ರಂತೆ... ನೀನೇ ಯೋಳು, ಗಾಡಿ ಓಡ್ಸೋನಿಗೆ ಇಂದ್ಗಡೆ ಏನ್ ನಡೀತದೆ ಅಂತ ಎಂಗೆ ಗೊತ್ತಾಯ್ತದೆ? ಬೆನ್ನಲ್ಲಿ ಕಣ್ಣವಾ ನಂಗೆ? ಅವ್ಳು ಬಾಯಿ ಬುಟ್ಟು ಯೋಳ್ಬೇಕಾಗಿತ್ತು... 'ಮಾವ, ಗಾಡಿ ನಿಲ್ಸು' ಅಂದ್ಲು. ಅಷ್ಟೇ ಅಂದಿದ್ದು. ಯಾಕೆ ಅಂತ ಯೋಳ್ನಿಲ್ಲ. ನಾನು ಉಚ್ಚೆಗೆ ಏನೋ ಅಂದ್ಕಂಡೆ. ಕಾಡಲ್ಲಿ ಗಾಡಿ ನಿಲ್ಸಂಗಿಲ್ಲ ಕಣಕ್ಕ! ಬೋರ್ಡೇ ಆಕವ್ರೆ, ಉದ್ದಕ್ಕೂ ಬೋರ್ಡದೆ, ಆನೆ ಚಿತ್ರ ಬರ್ದು. ನಿಲ್ಸುದ್ರೆ ಫಾರೆಸ್ಟ್‌ನೋರು ಇಡ್ಕತಾರೆ. 'ತಡಿಯಮ್ಮಿ, ಮುಂದೆ ನಿಲ್ಸ್ತೀನಿ' ಅಂದೆ. ಇನ್ನೊಂದ್ ಸಲ 'ಮಾವ' ಅಂದ್ಲು. ಆಮ್ಯಾಕೆ ಬರೇ 'ಮಾವ... ಮಾವ...' ಅಂತ, ಸಣ್ಣಗೆ... ಇಂಜಿನ್ ಸದ್ದಲ್ಲಿ ನಂಗೆಲ್ಲಿ ಕೇಳ್ತದೆ?

ಅಂಗೆ ನೋಡ್ಬ್ಯಾಡ. ಗೊತ್ತು, ನಿನ್ನ ಮನ್ಸಲ್ಲಿ ಏನ್ ಕೂತದೆ ಅಂತ ನಂಗೊತ್ತು. ಆ ಕನ್ನಡಿ ತಾನೇ, ಗಾಡೀಲಿ ಇಂದ್ಗಡೆ ಕಾಣೋದು? ಅದ್ನೇ ಕೇಳ್ಬೇಕು ಅಂತ ಆಗ್ನಿಂದ ಕಾಯ್ಕಂಡು ಕೂತಿದ್ದೀಯಾ. ಕನ್ನಡಿ ತಿರುಗುಸ್ದೆ, ದಿಟ. ಇಲ್ಲ ಅಂದ್ನಾ? ಬಿಸ್ಲು ಬಂದು ಕಣ್ಗೆ ಒಡೀತಿತ್ತು, ಅದ್ಕೆ ಮ್ಯಾಕೆ ತಿರುಗುಸ್ದೆ!... ಬಿಸ್ಲು ಇರ್ನಿಲ್ವಾ? ಆಷಾಢದಲ್ಲಿ ಎಲ್ಲಿಂದ ಬಂತು ಬಿಸ್ಲು ಅಂತೀಯಾ? ಇತ್ತೋ, ಇಲ್ವೋ... ಯಾವ್ದೋ ಬೆಳುಕು ಒಡೀತಿತ್ತು. ನೋಡು, ಅವ್ಳೂ ಅದ್ರಲ್ಲಿ ನನ್ನೇ ನೋಡ್ತಿದ್ಲು. ಕಣ್ಣಿಗ್ ಕಣ್ಣು ಸಿಕ್ತು. ನಾನು ಏನ್ ಮಾಡ್ಲಿ? ಇಂದ್ಗಡೆ ಕೂತಿರೋನು ಅನ್ನ ಆಕೋ ಧಣಿ! 'ಬುದ್ದಿ, ಕೈ ತೆಗೀರಿ' ಅನ್ನಕ್ಕೆ ನಾಲ್ಗೆ ತಿರುಗ್ಬೇಕಲ್ಲಕ್ಕ! ತಿರುಗ್ನಿಲ್ಲ... ಕೈ ತಾನಾಗೇ ಮ್ಯಾಕೆ ಓಯ್ತು. ಕನ್ನಡೀಲಿ ಬರೇ ಗಾಡಿ ಟಾರ್ಪಾಲ್ ಕಾಣ್ತು. ಆಮ್ಯಾಕೆ ಅವ್ಳು 'ಮಾವ' ಅನ್ನದ ನಿಲ್ಸ್‌ಬುಟ್ಲು. ಪಕ್ಕದಲ್ಲಿದ್ದ ಅಮ್ಮಾವ್ರು ಕಣ್ ಬುಟ್ಟು ನೋಡ್ತಿದ್ರು ಅಂತ ನಂಗೇನು ಕನಸಾ?...

ಯಾಕಕ್ಕ? ಕುಯ್ಯೋದ ಯಾಕೆ ನಿಲ್ಸ್‌ಬುಟ್ಟೆ? ಇದೆಲ್ಲ ನಿಂಗೆ ಗೊತ್ತಿರೋ ಇಷ್ಯನೇ ತಾನೇ? ಅವ್ಳು ಬಂದು ಯೋಳವ್ಳಲ್ಲ...

ಯೋಳವ್ಳೆ ತಾನೇ?

ಸಾವ್ಕಾರ್ರದು ಯೋಳವ್ಳೆ. ಅಮ್ಮಾವ್ರದು, ಊಟೀದು, ಎಲ್ಲ ಯೋಳವ್ಳೆ. ನಂದು?... ನನ್ನ ಇಷ್ಯಕ್ಕೆ ಏನಂದ್ಲು? 'ಮಾವ ರೋಡ್ ನೋಡ್ತಿದ್ದ, ಮಾವಂಗೆ ಗೊತ್ತಾಗ್ನಿಲ್ಲ ಅವ್ವ' ಅಂದ್ಲಾ? ಅಂಗಂದ್ಲಾ ಶಾಂತಿ?... 'ನಿನ್ ತಮ್ಮಂಗೆ ಏನೂ ಅನ್ಬ್ಯಾಡ' ಅಂದ್ಲಾ? ತಲೆ ಆಡ್ಸಾದ್ರೂ ಆಡ್ಸಕ್ಕ... ಯಾಕೆ ಎದ್ದೆ? ಕೂತ್ಕ. ಕೂತ್ಕಳಕ್ಕ... ಕನ್ನಡಿ ಮಾತು ನಿಂಗೆ ಗೊತ್ತೇ ಇರ್ನಿಲ್ವಾ?

ಬುಡು. ಈಗ ನಾನ್ ಅಂದಿದ್ದು ಬುಟ್ಬುಡು. ನಾನೇನೂ ಯೋಳೇ ಇಲ್ಲ ಅಂದ್ಕೊ. ಅಂದ್ಕತೀಯಾ?... ಅಕ್ಕ?